ಪಡಸಾಲೆಯ ಗೋಡೆಗೊಂದು ಬಿಳಿ

ನಮ್ಮ ಮನೆಯ ಪಡಸಾಲೆಯ ಗೋಡೆ ಬಿದ್ದಾಗ ಮಧ್ಯಾಹ್ನ ಹನ್ನೆರಡರ ಸುಮಾರು. ಆ ಗೋಡೆಗೆ ಯಾವ ಬಿಳಿ ಒಪ್ಪುತ್ತದೆ ಎಂದು ಹದಿನೆಂಟು ದಿನ ವಾದ ಮಾಡಿ ನಾನು ತೀರ್ಮಾನಕ್ಕೆ ಬಂದದ್ದು ಅದು ಬೀಳುವುದಕ್ಕೆ ಒಂದು ನಿಮಿಷ ಮೊದಲು. ಆಗ ಗೋಡೆಗೆ ಬೆನ್ನು ಹಚ್ಚಿ, ಒಂದೊಂದು ಕೈಯಲ್ಲಿ ಒಂದೊಂದು ಬಿಳಿ ಬಳಿದ ರಟ್ಟು ಎತ್ತಿ ಹಿಡಿದು, ನನ್ನ ಅತ್ತೆ ನಿಂತಿದ್ದರು. ಅವರನ್ನು ಅಲ್ಲಿ ನಿಲ್ಲಿಸಿದವಳು ನಾನು.

ಅತ್ತೆ ಬದುಕಿದ್ದಾರೆ. ಬಲಗೈ ಮಣಿಕಟ್ಟು ಮುರಿದಿತ್ತು, ಈಗ ಕೂಡಿದೆ. ಓದುವವರನ್ನು ಆ ವಿಷಯದಲ್ಲಿ ಕಾಯಿಸುವ ಮನಸ್ಸು ನನಗಿಲ್ಲ. ನನ್ನನ್ನು ಬಿಡದೆ ಕಾಡುವುದು ಬೇರೆ. ಗೋಡೆ ಬೀಳುವ ಮುಂಚೆ ನಾನು ಅವರಿಗೆ ಒಂದು ಮಾತು ಹೇಳಿದ್ದೆ. ಅದನ್ನು ಕೇಳಿದವರು ಇಬ್ಬರೇ, ಅತ್ತೆ ಮತ್ತು ಪೇಂಟರ್ ಕಾಕಾ. ಆ ಇಬ್ಬರೂ ಅದನ್ನು ಯಾರ ಮುಂದೆಯೂ ಆಡಲಿಲ್ಲ. ಆಡಿದ್ದರೆ ಒಂದು ದಿನ ಬೈಸಿಕೊಂಡು ಮುಗಿಸುತ್ತಿದ್ದೆ. ಆಡದೆ ಬಿಟ್ಟದ್ದರಿಂದ ಅದು ನನ್ನ ಹತ್ತಿರವೇ ಉಳಿದಿದೆ.

ನಾನು ಬಿ.ಎಸ್ಸಿ. ಓದಿದವಳು. ರೋಣದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಇದನ್ನು ಹೇಳಲೇಬೇಕು, ಏಕೆಂದರೆ ಓದದೆ ಇದ್ದವರು ಯಾರೂ ಇಷ್ಟು ದೊಡ್ಡ ತಪ್ಪನ್ನು ಇಷ್ಟು ಕ್ರಮವಾಗಿ ಮಾಡಲಾರರು.

ಮನೆ ಹಳೆಯದು. ಕಲ್ಲು ಮತ್ತು ಮಣ್ಣಿನ ದಪ್ಪ ಗೋಡೆ, ಮರದ ಕಂಬ ತೊಲೆಗಳ ಮೇಲೆ ಮಣ್ಣಿನ ಮಾಳಿಗೆ. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಮಾಳಿಗೆಗೆ ಹೊಸ ಮಣ್ಣು ಹಾಕಿ ಬಡಿಯುತ್ತಾರೆ. ಮಹಾನವಮಿಗೆ ಮೊದಲು ಗೋಡೆಗೆ ಸುಣ್ಣ. ನಮ್ಮ ಮನೆಯಲ್ಲಿ ಸುಣ್ಣಕ್ಕೆ ಆಳು ಹಚ್ಚುವ ಪದ್ಧತಿ ಇರಲಿಲ್ಲ. ಅತ್ತೆಯೇ ಸೆರಗು ಕಟ್ಟಿ ನಿಲ್ಲುತ್ತಿದ್ದರು. ಬಾನಿಯಲ್ಲಿ ಸುಣ್ಣದ ಹರಳು ಕುದಿಯುವಾಗ ಅದರ ಮೇಲೊಂದು ಚಿಟಿಕೆ ನೀಲಿ ಹಾಕುತ್ತಿದ್ದರು. ಬಳಿಯುವ ಮೊದಲು ಒಂದು ದಿನವೆಲ್ಲ ಗೋಡೆಯ ಮೇಲೆ ಗೇಣು ಗೇಣಿಗೂ ಬೆರಳ ಗೆಣ್ಣಿನಿಂದ ಬಡಿದು ಬಡಿದು ಕೇಳುತ್ತಿದ್ದರು. ಎಲ್ಲಿ ಸಪ್ಪಳ ಟೊಳ್ಳು ಅನ್ನಿಸಿತೋ ಅಲ್ಲಿ ಕೆದರಿ, ಕಲಸಿದ ಮಣ್ಣು ತುಂಬಿ, ಮೇಲೆ ಸುಣ್ಣ. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಅದು ಮುದುಕಿಯರ ಹಬ್ಬದ ಶಾಸ್ತ್ರಗಳಲ್ಲಿ ಒಂದು ಎಂದೇ ತೋರಿತ್ತು. ಬಾಗಿಲಿಗೆ ಅರಿಸಿನ, ಗೋಡೆಗೆ ಗುದ್ದು.

ಸುಣ್ಣದ ಗೋಡೆಗೆ ಒಂದೇ ದೋಷ, ಅದು ಅಂಟುತ್ತದೆ. ನಮ್ಮ ಮನೆಗೆ ಬಂದು ಗೋಡೆಗೆ ಒರಗಿ ಚಹಾ ಕುಡಿದವರು ಬೆನ್ನ ಮೇಲೆ ನಮ್ಮ ಮನೆಯ ಗುರುತು ಹೊತ್ತುಕೊಂಡು ಹೋಗುತ್ತಿದ್ದರು. ಪೇಟೆಯಲ್ಲಿ ಯಾರಾದರೂ ಬೆನ್ನು ಬೆಳ್ಳಗೆ ಮಾಡಿಕೊಂಡು ನಡೆದರೆ, ಎಲ್ಲಿಂದ ಬಂದರು ಎಂದು ಕೇಳಬೇಕಾದ್ದೇ ಇರಲಿಲ್ಲ.

ಒಮ್ಮೆ ನರಗುಂದದಲ್ಲಿ ನನ್ನ ಜೊತೆ ಕೆಲಸ ಮಾಡುವ ಶಿಕ್ಷಕಿಯೊಬ್ಬರ ಹೊಸ ಮನೆಯ ವಾಸ್ತುಶಾಂತಿಗೆ ಹೋಗಿದ್ದೆ. ಅಲ್ಲಿಯ ಗೋಡೆಗೆ ಅಂಗೈ ಒತ್ತಿ ತೆಗೆದೆ. ಕೈಗೆ ಏನೂ ಬರಲಿಲ್ಲ. ಗೋಡೆ ತನ್ನ ಪಾಡಿಗೆ ತಾನು ಬೆಳ್ಳಗಿತ್ತು. ಊಟಕ್ಕೆ ಕೂತಾಗಲೂ ನನ್ನ ಕಣ್ಣು ಹೋಳಿಗೆಯ ಮೇಲಿರಲಿಲ್ಲ. ರೋಣಕ್ಕೆ ಮರಳುವ ಬಸ್ಸಿನಲ್ಲಿ ನಮ್ಮ ಮನೆಯನ್ನು ಮನಸ್ಸಿನಲ್ಲೇ ಎರಡು ಸಲ ಬಳಿದು ಮುಗಿಸಿದ್ದೆ.

ರೋಣದಲ್ಲಿ ಬಣ್ಣದ ಅಂಗಡಿ ಇಲ್ಲ ಎಂದಲ್ಲ. ಆದರೆ ಮದುವೆಯ ಸೀರೆಯನ್ನೂ ಮನೆಯ ಬಣ್ಣವನ್ನೂ ಸ್ವಂತ ಊರಿನಲ್ಲಿ ಕೊಂಡರೆ ಕೊಂಡಂತೆ ಅನ್ನಿಸುವುದಿಲ್ಲ. ಸೂಡಿಯ ಮೇಲೆ ಹಾದು ಗಜೇಂದ್ರಗಡಕ್ಕೆ ಹೋದೆವು, ನಾನು ಮತ್ತು ನಮ್ಮ ಯಜಮಾನರು. ಅಂಗಡಿಯವನು ಬೀಸಣಿಗೆಯಂತೆ ಬಿಚ್ಚುವ ಒಂದು ಪಟ್ಟಿ ಕೊಟ್ಟ. ಅದರಲ್ಲಿ ಬಿಳಿಗೇ ನಾಲ್ಕು ಪುಟ. ಮುತ್ತಿನ ಬಿಳಿ, ದಂತದ ಬಿಳಿ, ಮೊಟ್ಟೆಯ ಓಡಿನ ಬಿಳಿ, ಬೆಳಗಿನ ಮಂಜಿನ ಬಿಳಿ. ಯಜಮಾನರು ಹೆಸರುಕಾಳಿನ ವ್ಯಾಪಾರದವರು. ಕಾಳಿನ ರಾಶಿಯಲ್ಲಿ ಕೈಯಾಡಿಸಿ ಅದು ಯಾವ ಹೊಲದ್ದು ಎನ್ನಬಲ್ಲರು. ಆ ಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದರು:

"ಇದರಾಗ ಬಿಳಿ ಯಾವುದು?"

"ಎಲ್ಲಾ ಬಿಳೀನ ಅದಾವ್ರೀ."

"ಹಂಗಾರ ಇಷ್ಟ್ಯಾಕ ಮಾಡ್ಯಾರ?"

ಮನೆಗೆ ತಂದು ತೋರಿಸಿದಾಗ ಅತ್ತೆಗೆ ಆ ಗೊಂದಲ ಆಗಲಿಲ್ಲ. ಅವರು ಕನ್ನಡಕ ಏರಿಸಿ ಒಂದೊಂದರ ಮೇಲೂ ಬೆರಳಿಟ್ಟು ತಮ್ಮ ಹೆಸರು ಕೊಡುತ್ತ ಹೋದರು. "ಇದು ಹತ್ತಿ ಅರಳಿ ಬಿಳಿ. ಇದು ಮಜ್ಜಿಗಿ. ಇದು ಜೋಳದ ಹಿಟ್ಟು, ಹಳೀ ಜೋಳದ್ದು. ಇದು ಎಮ್ಮಿ ಬೆಣ್ಣಿ. ಇದು ಬಿಳೀನ ಅಲ್ಲ ಬಿಡು, ಜ್ವರ ಬಂದವರ ನಾಲಗಿ." ನಾನು ಮೊಟ್ಟೆಯ ಓಡಿನ ಬಿಳಿಯ ಮೇಲೆ ಮನಸ್ಸಿಟ್ಟಿದ್ದೆ. ಜ್ವರದ ನಾಲಗೆ ಅದೇ.

ಬಳಿಯಲು ಬಂದವರು ಗಜೇಂದ್ರಗಡದ ಪೇಂಟರ್ ಕಾಕಾ. ಅರವತ್ತರ ಹತ್ತಿರದ ಮನುಷ್ಯ, ಹಳೆಯ ಸ್ಕೂಟರಿನ ಮುಂದೆ ಡಬ್ಬಿ, ಹಿಂದೆ ಏಣಿ ಕಟ್ಟಿಕೊಂಡು ಬರುತ್ತಿದ್ದರು. ಗೋಡೆಯ ಹೊರಮೈಗೆ ಸಿಮೆಂಟು, ಒಳಮೈಗೆ ನುಣ್ಣಗೆ ಪುಟ್ಟಿ, ಮೇಲೆರಡು ಕೈ ಬಣ್ಣ ಎಂದು ಗೊತ್ತಾಯಿತು.

"ಸುಣ್ಣ ಆದ್ರ ಗ್ವಾಡಿ ಉಸರಾಡತೈತಿ," ಎಂದರು ಅತ್ತೆ.

"ಅತ್ತಿ, ಗ್ವಾಡಿಗೆ ಶ್ವಾಸಕೋಶ ಇರೂದಿಲ್ರಿ," ಎಂದೆ ನಾನು. ಕಾಕಾ ನಕ್ಕರು. ನಗಿಸಿದ್ದಕ್ಕೆ ನನಗೆ ಸಂತೋಷವಾಯಿತು.

ಆ ಮಹಾನವಮಿಗೆ ಮನೆ ಮೊಟ್ಟೆಯ ಓಡಿನಂತೆ ಹೊಳೆಯಿತು. ಅತ್ತೆ ರೂಢಿಯಂತೆ ಬೆರಳು ಮಡಚಿ ಗೋಡೆಯ ಹತ್ತಿರ ಹೋದರು. ನಾನು ಅಡುಗೆಮನೆಯಿಂದಲೇ ಕೂಗಿದೆ: "ಮುಟ್ಟಬ್ಯಾಡ್ರೀ ಅತ್ತಿ, ಕಲಿ ಬೀಳತಾವ." ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ಅಂದಿನಿಂದ ಆ ಮನೆಯಲ್ಲಿ ಗೋಡೆ ಬಡಿದು ಕೇಳುವವರು ಯಾರೂ ಇಲ್ಲದಾದರು.

ಹಬ್ಬ ಮುಗಿದ ಮೇಲೆ ಒಂದು ಅಡ್ಡಮಳೆ ಬಂತು. ನಮ್ಮ ಮಾಳಿಗೆಯ ನೀರು ಹೊರಹೋಗಲು ಕಲ್ಲಿನ ಒಂದು ದೋಣಿ ಇತ್ತು. ಪಡಸಾಲೆಯ ಗೋಡೆಯ ತಲೆಯಿಂದ ಒಂದು ಮೊಳ ಮುಂದೆ ಚಾಚಿಕೊಂಡು, ನೀರನ್ನು ದೂರ ಓಣಿಗೆ ಚೆಲ್ಲುತ್ತಿತ್ತು. ಮಾಳಿಗೆಯ ಮಣ್ಣು ಕದಡಿದ ಆ ಕಂದು ನೀರು ಗಾಳಿಗೆ ಹಾರಿ ನನ್ನ ಬಿಳಿಯ ಮೇಲೆ ಬಿತ್ತು. ಬೆಳಿಗ್ಗೆ ನೋಡಿದರೆ ಹೊರಗೋಡೆಯ ತುಂಬ ಗೆರೆಗಳು, ಎಲೆ ಅಡಿಕೆ ಜಗಿದವರು ಹಾದುಹೋದಂತೆ.

"ಈ ದೋಣಿ ತಗಸೂಣ್ರಿ," ಎಂದೆ.

ಅತ್ತೆ ಎಂದರು, "ಅದನ್ನ ಉಗಳಾಕಂತ ಇಟ್ಟಾರವಾ. ಉಗಳ್ಲಿ ಬಿಡು."

"ಅಲ್ಲೆ ಒಂದ ಪೈಪ್ ಕೂಡ್ರಿಸಿದ್ರ ನೀರು ಸೀದಾ ಗಟಾರಕ್ಕ ಹೋಗತೈತ್ರಿ. ಕಲಿ ಇಲ್ಲ, ಕಸ ಇಲ್ಲ."

ದೋಣಿ ಹೋಯಿತು, ಪೈಪ್ ಬಂತು. ಪೈಪಿಗೂ ಕಾಕಾ ಅದೇ ಬಿಳಿ ಬಳಿದರು, ಕಣ್ಣಿಗೆ ಬೀಳದಂತೆ. ಕಣ್ಣಿಗೆ ಬೀಳದ್ದರಿಂದ ಮುಂದೆ ಅದರ ನೆನಪೂ ಯಾರಿಗೂ ಬೀಳಲಿಲ್ಲ.

ಮರುವರ್ಷ ಮಳೆಗಾಲಕ್ಕೆ ಮುನ್ನ ಎಂದಿನಂತೆ ಮಾಳಿಗೆಗೆ ಹೊಸ ಮಣ್ಣು ಹಾಕಿಸಿದೆವು. ಕಲ್ಲಿನ ದೋಣಿಯ ಅಗಲ ಎರಡು ಗೇಣು, ಪೈಪಿನದು ನಾಲ್ಕು ಬೆರಳು. ಮೊದಲ ಎರಡು ಮಳೆಗೇ ಹೊಸ ಮಣ್ಣು ಕೊಚ್ಚಿ ಬಂದು ಪೈಪಿನ ಬಾಯಿ ಕಟ್ಟಿತು. ನೀರಿಗೆ ಓಣಿಗೆ ಹೋಗುವ ದಾರಿ ಇಲ್ಲವಾಗಿ ಗೋಡೆಯ ತಲೆಯಲ್ಲಿ ನಿಂತು, ಮೆಲ್ಲಗೆ ಗೋಡೆಯೊಳಗೇ ಇಳಿಯತೊಡಗಿತು. ಹೊರಗೆ ಸಿಮೆಂಟು, ಒಳಗೆ ಪುಟ್ಟಿ. ಇಳಿದ ನೀರು ಒಂದಿಷ್ಟು ಜಿನುಗುವುದಲ್ಲದೆ ಪೂರ್ತಿ ಆರುವಂತಿರಲಿಲ್ಲ. ಇದೆಲ್ಲ ಈಗ ಗೊತ್ತಿರುವುದು. ಆಗ ಗೊತ್ತಿದ್ದದ್ದು ಇಷ್ಟೇ, ಪಡಸಾಲೆ ತಂಪಾಗಿದೆ.

ಆ ಶ್ರಾವಣದಲ್ಲಿ ಮಳೆ ಬಿಟ್ಟು ಬಿಟ್ಟು ಬಂದು, ನಡುನಡುವೆ ವಿಪರೀತ ಸೆಕೆ. ಇಡೀ ಓಣಿ ಬೀಸಣಿಗೆ ಹಿಡಿದು ಕಟ್ಟೆಗೆ ಬಂದರೆ ನಮ್ಮ ಪಡಸಾಲೆಯಲ್ಲಿ, ಅದರಲ್ಲೂ ಆ ಗೋಡೆಯ ಬುಡದಲ್ಲಿ, ತಣ್ಣೀರಿನ ಮಣ್ಣಿನ ಹರವಿಯ ಪಕ್ಕ ಕೂತಂತೆ ಇರುತ್ತಿತ್ತು. ಅತ್ತೆ ತಮ್ಮ ಮಧ್ಯಾಹ್ನದ ಜಮಖಾನೆಯನ್ನು ದೇವರ ಕೋಣೆಯ ಬಾಗಿಲಿನಿಂದ ಎತ್ತಿ ಅಲ್ಲಿ ಹಾಸಿಕೊಂಡರು. ಓಣಿಯ ಹೆಂಗಸರೂ ಬಂದು ಒರಗಿ ಕೂರತೊಡಗಿದರು.

"ಏನ ಮಾಡೀರೀ ಇದಕ್ಕ? ಫ್ರಿಜ್ಜಿನಂಗ ಐತಲ್ಲ!"

ನಾನು ಸುಮ್ಮನಿರಬಹುದಿತ್ತು. ಬಿಳಿ ಬಣ್ಣ ಬಿಸಿಲನ್ನು ಹೀರದೆ ಹೊರಗೆ ತಳ್ಳುತ್ತದೆ, ಕಪ್ಪು ಹೀರುತ್ತದೆ, ಅದಕ್ಕೇ ಬೇಸಿಗೆಯಲ್ಲಿ ಬಿಳಿ ಬಟ್ಟೆ ಹಿತ, ಎಂದು ಎಂಟನೆಯ ತರಗತಿಗೆ ಹೇಳುವ ಪಾಠವನ್ನು ಅವರಿಗೂ ಹೇಳಿದೆ. ಅದೇ ಪುಸ್ತಕದಲ್ಲಿ ನೀರು ಆವಿಯಾಗುವಾಗ ಸುತ್ತಲೂ ತಂಪು ಮಾಡುತ್ತದೆ ಎಂಬ ಪಾಠವೂ ಇದೆ. ಹರವಿಯ ಚಿತ್ರವನ್ನೇ ಹಾಕಿದ್ದಾರೆ. ನಾನು ಅದನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ, ನೀಲಿ ಸೀಮೆಸುಣ್ಣದಲ್ಲಿ.

ಗೋಡೆಯ ಬಣ್ಣ ಕೆಟ್ಟದ್ದನ್ನು ಮೊದಲು ಕಂಡವರು ಅತ್ತೆ. ಜಮಖಾನೆಯ ಮೇಲೆ ಮಲಗಿ ಮೇಲೆ ನೋಡುತ್ತ ಎಂದರು, "ಈ ಗ್ವಾಡಿ ಬಿಳಿ, ಆ ಗ್ವಾಡಿ ಬಿಳಿ ಒಂದ ಅಲ್ಲ. ಇದು ಮಂಕಾಗೇತಿ."

ನೋಡಿದರೆ ಹೌದು. ಮಿಕ್ಕ ಮೂರು ಗೋಡೆಗಿಂತ ಇದು ಒಂದು ಛಾಯೆ ಕಂದಿತ್ತು, ನಡುವೆ ಎಮ್ಮೆಯ ಹೊಟ್ಟೆಯಷ್ಟು ಅಗಲಕ್ಕೆ ಇನ್ನೂ ಹೆಚ್ಚು. ಇಲ್ಲಿಂದ ಶುರುವಾಯಿತು ನಮ್ಮ ಹದಿನೆಂಟು ದಿನ. ನನ್ನ ವಾದ, ಬೆಳಕಿಂಡಿಯ ಬೆಳಕು ಈ ಗೋಡೆಗೆ ಓರೆಯಾಗಿ ಬೀಳುತ್ತದೆ, ಆದ್ದರಿಂದ ಇದಕ್ಕೆ ಒಂದು ಛಾಯೆ ತಿಳಿಯಾದ ಬಿಳಿ ಬೇಕು. ಅತ್ತೆಯ ವಾದ, ಮೊದಲಿನಿಂದಲೂ ಜ್ವರದ ನಾಲಗೆ ಬೇಡವೆಂದೇ ಹೇಳಿದ್ದೆ, ನೀಲಿ ಹನಿಸಿದ ಸುಣ್ಣದಂಥ ಬಿಳಿ ತರಬೇಕಿತ್ತು. ಯಜಮಾನರ ವಾದ, ಕ್ಯಾಲೆಂಡರು ದೊಡ್ಡದು ತಂದು ತೂಗುಹಾಕಿದರೆ ಮುಗಿಯಿತು. ತಂದು ಹಾಕಿಯೂ ಬಿಟ್ಟರು. ಗೋಡೆಗೆ ಏನಾಗಿದೆ ಎಂದು ಮೂವರಲ್ಲಿ ಒಬ್ಬರೂ ಕೇಳಲಿಲ್ಲ. ಗೋಡೆ ಎಂಬುದು ಬಣ್ಣ ಹಚ್ಚಲು ಇರುವ ಜಾಗ ಎಂದು ಎಲ್ಲರೂ ಒಪ್ಪಿಯಾಗಿತ್ತು.

ಕೇಳಿದವರು ಕಾಕಾ ಒಬ್ಬರೇ. ನಾನು ಫೋನು ಮಾಡಿ ಕರೆಸಿದ ದಿನ ಗೋಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು.

"ಅಕ್ಕಾರ, ಒಳಗ ಹಸಿ ಐತೇನ್ರಿ ಇದು?"

"ಹಸಿ ಎಲ್ಲಿಂದ ಬರಬೇಕು ಕಾಕಾ? ಪೈಪ್ ಹಾಕಿಸೇವಲ್ಲ."

"ಹೌದ್ರಿ, ಪೈಪ್ ಐತಿ," ಎಂದರು ಕಾಕಾ. ಓದಿದವರ ಮನೆಯಲ್ಲಿ ಅವರು ಎರಡನೆಯ ಸಲ ಪ್ರಶ್ನೆ ಕೇಳುವವರಲ್ಲ. ಎದ್ದು, "ಹಂಗಾರ ಶೇಡ್ ಬದಲ ಮಾಡೂಣ್ರಿ," ಎಂದರು.

ಒಂದು ತಿಳಿ ಬಿಳಿ ಗಜೇಂದ್ರಗಡದಿಂದ ಬಂತು, ನನ್ನದು. ಒಂದು ನೀಲಿ ಮಿಶ್ರದ್ದು ನರಗುಂದದಿಂದ, ಅತ್ತೆಯದು. ಎರಡನ್ನೂ ಗೋಡೆಯ ಮೇಲೆ ಸ್ವಲ್ಪ ಸ್ವಲ್ಪ ಹಚ್ಚಿ ನೋಡಿದರೆ ಎರಡೂ ಎರಡು ದಿನಕ್ಕೆ ಮಂಕಾಗುತ್ತಿದ್ದವು. ಆಗ ನನಗೊಂದು ಉಪಾಯ ಹೊಳೆಯಿತು. ರಟ್ಟಿನ ಮೇಲೆ ಬಳಿದು, ಒಣಗಿಸಿ, ಗೋಡೆಯ ಮುಂದೆ ಹಿಡಿದು ದೂರದಿಂದ ಹೋಲಿಸಿ ನೋಡುವುದು. ಪ್ರಯೋಗ ಎಂದರೆ ಹಾಗೆ.

ಅಂದು ಭಾನುವಾರ. ನಾಲ್ಕು ದಿನ ಹಿಡಿದ ಮಳೆ ಬಿಟ್ಟು ಚುರುಕು ಬಿಸಿಲು ಬಿದ್ದಿತ್ತು. ಯಜಮಾನರು ಪೇಟೆಗೆ ಹೋಗಿದ್ದರು. ಕಾಕಾ ಅಂಗಳದಲ್ಲಿ, ಒಳಗಿನ ಮಾತು ಕೇಳುವಷ್ಟು ಹತ್ತಿರ, ಡಬ್ಬಿ ಕಲಕುತ್ತ ಕೂತಿದ್ದರು. ಬೆಳಕಿಂಡಿಯ ಬೆಳಕು ನೇರಕ್ಕೆ ಬರುವುದು ಹನ್ನೆರಡಕ್ಕೆ, ಅದಕ್ಕಾಗಿ ಕಾದು, ಅತ್ತೆಯನ್ನು ಜಮಖಾನೆಯಿಂದ ಎಬ್ಬಿಸಿ, ಎರಡು ಕೈಗೆ ಎರಡು ರಟ್ಟು ಕೊಟ್ಟು, ಕ್ಯಾಲೆಂಡರಿನ ಪಕ್ಕ ನಿಲ್ಲಿಸಿದೆ. ಎಡಗೈಯಲ್ಲಿ ನನ್ನ ಬಿಳಿ, ಬಲಗೈಯಲ್ಲಿ ಅವರದು. ನಾನು ಎದುರು ಬಾಗಿಲಿಗೆ ಹೋಗಿ ಒಂದು ಕಣ್ಣು ಮುಚ್ಚಿ ನೋಡಿದೆ.

"ಇನ್ನ ಚೂರ ಮ್ಯಾಲ ಹಿಡೀರಿ."

ಹಿಡಿದರು.

ಕ್ಯಾಲೆಂಡರಿನ ಕೆಳಅಂಚು ಗೋಡೆ ಬಿಟ್ಟು ಮುಂದಕ್ಕೆ ಬಂದು ಜೋಲಾಡಿತು. ಗಾಳಿ ಎಂದುಕೊಂಡೆ. ಗಾಳಿ ಇರಲಿಲ್ಲ, ಅಂಗಳದ ತುಳಸಿಯ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಅದನ್ನೂ ಕಂಡೆ. ಎರಡನ್ನೂ ಕಂಡವಳು, ಎರಡನ್ನೂ ಕೂಡಿಸಲಿಲ್ಲ. ಅತ್ತೆಯ ಕಾಲ ಹತ್ತಿರ ಏನೋ ಸಣ್ಣಗೆ ಉದುರುವ ಸಪ್ಪಳ, ಮೊರದಿಂದ ರವೆ ಜಾರಿದ ಹಾಗೆ.

ಅತ್ತೆ ಎಂದರು, "ಯವ್ವಾ, ಗ್ವಾಡಿ ನನ್ನ ಬೆನ್ನಿಗೆ ಬರಾಕತ್ತೈತಿ."

ನಾನು ಎಂದೆ, "ಅಲುಗಾಡಬ್ಯಾಡ್ರಿ ಅತ್ತಿ, ಬೆಳಕ ಈಗ ಸರಿ ಬಿದ್ದೈತಿ."

ಇದೇ ಆ ಮಾತು.

ಅತ್ತೆ ಅಲುಗಾಡಲಿಲ್ಲ. ನನಗೆ ಬೇಕಾದ ಬೆಳಕು ಸಿಕ್ಕಿತು, ನನ್ನ ಬಿಳಿಯೇ ಸರಿ ಎಂದು ಮನಸ್ಸಿನಲ್ಲಿ ಗಟ್ಟಿಯಾಯಿತು. ಆ ಹೊತ್ತಿಗೆ ಕಾಕಾ ಡಬ್ಬಿ ಹಿಡಿದು ಪಕ್ಕದ ಬಾಗಿಲಿನಿಂದ ಒಳಗೆ ಕಾಲಿಟ್ಟರು. ಅವರು ಅತ್ತೆಯನ್ನು ನೋಡಲಿಲ್ಲ, ರಟ್ಟನ್ನು ನೋಡಲಿಲ್ಲ, ಗೋಡೆಯನ್ನು ನೋಡಿದರು. ಡಬ್ಬಿ ಬಿತ್ತು. "ಅವ್ವಾರ!" ಎಂದು ಅತ್ತೆಯ ಎಡರಟ್ಟೆ ಹಿಡಿದು, ಚೀಲ ಎಳೆಯುವ ಹಾಗೆ ತಮ್ಮ ಕಡೆ ಎಳೆದರು. ಇಬ್ಬರೂ ಹೊಸ್ತಿಲ ಆಚೆ ಬಿದ್ದರು. ಅವರ ಕಾಲು ಇನ್ನೂ ಒಳಗಿರುವಾಗಲೇ ಗೋಡೆ ನಡುವಿನಿಂದ ಬಾಯಿ ತೆರೆದು, ಕಲ್ಲು, ಮಣ್ಣು, ನುಣುಪಾದ ಬಿಳಿಯ ದೊಡ್ಡ ದೊಡ್ಡ ಹಕ್ಕಳೆಗಳು ಜಮಖಾನೆಯ ಮೇಲೆ ಸುರಿದವು. ನಾನು ತಿಳಿದಿದ್ದಂತೆ ದೊಡ್ಡ ಶಬ್ದವೇನೂ ಆಗಲಿಲ್ಲ. ಹಸಿ ಮಣ್ಣು ಬಿದ್ದರೆ ಮೆತ್ತಗೆ ಬೀಳುತ್ತದೆ. ಕಂಬಗಳು ತಡೆದದ್ದರಿಂದ ಮಾಳಿಗೆಯ ಒಂದು ಅಂಚು ಮಾತ್ರ ಕುಸಿಯಿತು. ಧೂಳೂ ಹೆಚ್ಚು ಏಳಲಿಲ್ಲ. ಗೋಡೆ ಇದ್ದಲ್ಲಿ ಓಣಿ ಕಾಣುತ್ತಿತ್ತು, ಎದುರು ಮನೆಯ ಆಕಳು ನಮ್ಮ ಪಡಸಾಲೆಯನ್ನು ನೋಡುತ್ತ ಮೆಲುಕು ಹಾಕುತ್ತಿತ್ತು.

ನಾನು ಬಾಗಿಲಲ್ಲಿ ಒಂದು ಕಣ್ಣು ಮುಚ್ಚಿಕೊಂಡೇ ನಿಂತಿದ್ದೆ. ಒಂದು ಹೆಜ್ಜೆಯೂ ಮುಂದಿಟ್ಟಿರಲಿಲ್ಲ.

ದವಾಖಾನೆಯಿಂದ ಬರುವಷ್ಟರಲ್ಲಿ ಓಣಿಯವರು ಕಲ್ಲು ಎತ್ತಿ ಬದಿಗೆ ಹಾಕಿದ್ದರು. ಮರುದಿನ ಗೋಡೆ ಕಟ್ಟುವ ಗೌಂಡಿ ಬಂದು ಪೈಪು ಕಿತ್ತು ಕಟ್ಟೆಗೆ ಕುಟ್ಟಿದ. ಒಳಗಿನ ಮಣ್ಣು ಪೈಪಿನ ಆಕಾರದಲ್ಲೇ, ಮುರಿಯದೆ, ಉದ್ದಕ್ಕೆ ಜಾರಿ ಬಂತು. "ಯಾರ ಹಾಕಿಸಿದ್ರೀ ಇದನ್ನ?" ಎಂದು ಕೇಳಿದ. ಯಜಮಾನರು, "ಎಲ್ಲಾರೂ ಕೂಡೇ ಹಾಕಿಸಿದ್ವಿ," ಎಂದರು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವರು ನನ್ನ ಪರವಾಗಿ ಆಡಿದ ಅತಿ ದೊಡ್ಡ ಮಾತು ಅದು. ನಾನು ಒಳಗೆ ಹೋಗಿ ಅತ್ತೆಗೆ ಗಂಜಿ ಕಾಸಿದೆ.

ಮಾತಾಡಿಸಲು ಬರುವವರ ಸಾಲು ಶುರುವಾಯಿತು. ಮುಶಿಗೇರಿಯಿಂದ ಅತ್ತೆಯ ತಂಗಿ ಬಂದರು, ಓಣಿಯ ಹೆಂಗಸರು ಬಂದರು. ಅತ್ತೆ ಕೈಯನ್ನು ಕೊರಳಿಗೆ ಕಟ್ಟಿಕೊಂಡು, ದಿಂಬಿಗೆ ಒರಗಿ, ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳುತ್ತಿದ್ದರು. ನಾನು ಚಹಾದ ತಟ್ಟೆ ಹಿಡಿದು ಅಲ್ಲೇ ನಿಂತಿರಬೇಕಾಗುತ್ತಿತ್ತು.

"ನನಗೆಲ್ಲೆ ಗೊತ್ತ ಆಗಬೇಕು? ನಮ್ಮ ಸೊಸಿನ ಮೊದಲ ಕಂಡ್ಲು. 'ಈಚಿ ಸರೀರಿ ಅತ್ತಿ, ಲಗೂ ಸರೀರಿ' ಅಂತ ಒದರಿದ್ಲು. ಅದಕ್ಕ ಉಳದೆ."

"ಓದಿದ ಸೊಸಿ ಇದ್ರ ಹಿಂಗ ಇರತೈತಿ ನೋಡು," ಎಂದರು ಮುಶಿಗೇರಿಯ ಚಿಕ್ಕತ್ತೆ. ಅವರ ಸೊಸೆ ಓದಿದವಳಲ್ಲ. ಆಕೆ ಪಕ್ಕದಲ್ಲೇ ಕೂತಿದ್ದಳು. ಚಹಾ ಕುಡಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

ಮೊದಲ ಸಲ ನಾನು ತಿದ್ದಬಹುದಿತ್ತು. ಎರಡನೆಯ ಸಲ ತಿದ್ದಿದ್ದರೆ ಮೊದಲ ಸಲ ಏಕೆ ಸುಮ್ಮನಿದ್ದೆ ಎಂಬ ಪ್ರಶ್ನೆ ಬರುತ್ತಿತ್ತು. ಹತ್ತನೆಯ ಸಲಕ್ಕೆ ಆ ಕಥೆ ಊರಿನದಾಗಿತ್ತು. ಶಾಲೆಯಲ್ಲಿ ಮುಖ್ಯಶಿಕ್ಷಕರು ಪ್ರಾರ್ಥನೆಯ ನಂತರ ಮಕ್ಕಳ ಮುಂದೆ ನನ್ನ ಸಮಯಪ್ರಜ್ಞೆಯನ್ನು ಹೊಗಳಿದರು. ಮಕ್ಕಳು ಚಪ್ಪಾಳೆ ಹೊಡೆದರು. ನಾನು ಎಲ್ಲಿ ನಿಂತಿದ್ದೇನೆ ಎಂದು ನೋಡಿಕೊಂಡೆ. ಕಟ್ಟಡದಿಂದ ಸಾಕಷ್ಟು ದೂರದಲ್ಲಿದ್ದೆ. ಈಗ ತರಗತಿಯಲ್ಲಿ ನಾನು ಬಾಗಿಲ ಹತ್ತಿರ ನಿಂತು ಪಾಠ ಮಾಡುತ್ತೇನೆ, ಗೋಡೆಯ ಮೇಲೆ ತೂಗುಹಾಕಿದ ನಕಾಶೆ ಅಲ್ಲಾಡಿದರೆ ವಾಕ್ಯ ಅರ್ಧಕ್ಕೆ ನಿಲ್ಲುತ್ತದೆ. ಹನ್ನೆರಡರ ಬಿಸಿಲಿನಲ್ಲಿ ಯಾರಾದರೂ ನೆಟ್ಟಗೆ ನಿಂತಿದ್ದರೆ, ಬದಿಗೆ ಸರಿಯಿರಿ ಎನ್ನಬೇಕು ಅನ್ನಿಸುತ್ತದೆ. ಬೇಕಾದಾಗ ಬರದ ಮಾತು ಈಗ ದಿನಕ್ಕೆ ನಾಲ್ಕು ಸಲ ನಾಲಗೆಗೆ ಬರುತ್ತದೆ.

ಒಂದು ಸಂಜೆ, ಅತ್ತೆಯ ತಲೆಗೆ ಎಣ್ಣೆ ಹಚ್ಚಿ ಬಾಚುತ್ತಿದ್ದೆ. ಅವರ ಕೈ ಕಟ್ಟಿಹಾಕಿದ್ದರಿಂದ ಆ ಕೆಲಸ ನನಗೆ ಬಂದಿತ್ತು. ಮುಖ ಕಾಣದ ಕಾರಣ ಮಾತಾಡಲು ಸುಲಭವಾಯಿತು.

"ಅತ್ತಿ, ನಾ ಹಂಗ ಅನ್ಲಿಲ್ಲಲ್ರಿ."

"ಹ್ಯಾಂಗ?"

"ಸರೀರಿ ಅಂತ. ಅಲುಗಾಡಬ್ಯಾಡ್ರಿ ಅಂದೆ ನಾ."

"ಅಂದಿ. ನನಗೇನ ಕಿವಿ ಕೇಳಂಗಿಲ್ಲೇನು?"

"ಮತ್ತ್ಯಾಕ ಎಲ್ಲಾರಿಗೂ ಸುಳ್ಳ ಹೇಳತೀರಿ?"

ಅತ್ತೆ ತಲೆಯನ್ನು ಚೂರು ಮುಂದಕ್ಕೆ ಎಳೆದುಕೊಂಡರು. "ಜಗ್ಗಬ್ಯಾಡ, ನೋಯತೈತಿ," ಎಂದರು. ಆಮೇಲೆ, "ಖರೇ ಹೇಳಬೇಕಂದ್ರ ಪೂರಾ ಹೇಳಬೇಕಾಗತೈತವಾ," ಎಂದರು.

"ಪೂರಾ ಅಂದ್ರ?"

"ಐವತ್ತ ವರ್ಷ ಆ ಗ್ವಾಡಿಗೆ ಸುಣ್ಣ ಹಚ್ಚೀನಿ. ಬೆನ್ನಿಗೆ ಬರೂ ಗ್ವಾಡಿ ಯಾವುದು ಅಂತ ನನಗ ತಿಳಿಯಂಗಿಲ್ಲೇನು? ನೀ ಅಲುಗಾಡಬ್ಯಾಡ್ರಿ ಅಂದ್ರೂ ನಾ ಸರೀಬೇಕಿತ್ತು. ನೀ ಅಂದೀ ಅಂತ ನಿಂತಿಲ್ಲ ನಾ. ನಿನ್ನ ಮಾತು ನಾ ಯಾವಾಗ ಕೇಳೀನಿ?"

ಇದು ನಿಜ. ನನ್ನ ಕೈ ನಿಂತಿತು.

"ನೀ ಒಂದ ಕಣ್ಣ ಮುಚ್ಚಿ ನೋಡಾಕತ್ತಿದ್ದಿ. ತೆರದ ಕಣ್ಣು ನನ್ನ ಬಲಗೈ ಕಡೆ ಬರಾಕತ್ತಿತ್ತು. ಇನ್ನೊಂದ ಗಳಿಗಿ ನಿಂತ್ರ ನಂದ ಗೆದ್ದಂಗ ಅಂತ ನಿಂತೆ. ಇದನ್ನ ಮಂದಿ ಮುಂದ ಹೇಳಲೇನು? ನಿನ್ನ ಬೈದ್ರ ಬೈಯಲಿ, ನನ್ನ ನಗತಾರ. ಮುದುಕಿ ಬಣ್ಣ ಗೆಲ್ಲಾಕ ಹೋಗಿ ಗ್ವಾಡಿ ಕೆಳಗ ಸತ್ಲು ಅಂತ."

ನನಗೆ ನಗು ಬಂತು, ಬಂದದ್ದು ನಗುವಾಗಿ ಉಳಿಯಲಿಲ್ಲ. ಅತ್ತೆ ಹಿಂದಕ್ಕೆ ತಿರುಗಲಿಲ್ಲ. ನಾನು ಮೂಗು ಒರೆಸಿಕೊಳ್ಳುವವರೆಗೆ ಕಾದು, ಕೇಳಿದರು:

"ಬಲಗೈದ ಆರಿಸಿದ್ದಿ ಹೌದಿಲ್ಲೋ?"

ನಾನು ಆರಿಸಿದ್ದು ಎಡಗೈಯದು. ನನ್ನ ಕಣ್ಣು ಅವರ ಬಲಗಡೆಗೆ ಹೋದದ್ದು ಜೋಲಾಡುತ್ತಿದ್ದ ಕ್ಯಾಲೆಂಡರಿನ ಕಡೆಗೆ. ಅದು ಅವರ ಬಲಗೈಯ ಪಕ್ಕದಲ್ಲೇ ಇತ್ತು.

"ಹೌದ್ರಿ," ಎಂದೆ.

"ನನಗ ಗೊತ್ತಿತ್ತು," ಎಂದರು ಅತ್ತೆ, ಬಹಳ ಸಮಾಧಾನದಿಂದ.

ಹೊಸ ಗೋಡೆ ಇಟ್ಟಿಗೆಯದು. ಗೌಂಡಿ ಕಲ್ಲಿನ ದೋಣಿಯನ್ನು ಹುಡುಕಿ ತಂದು ಮೇಲೆ ಕೂಡಿಸಿದ್ದಾನೆ. ಪ್ಲಾಸ್ಟರು ಒಣಗಿದ ಮೇಲೆ ಕಾಕಾ ಬಂದರು, ಬಣ್ಣದ ಲೆಕ್ಕ ಬರೆದುಕೊಳ್ಳಲು ಕಿವಿಯಿಂದ ಪೆನ್ಸಿಲು ತೆಗೆದು ನನ್ನ ಮುಖ ನೋಡಿದರು. ಅಂದು ಎಳೆದದ್ದಕ್ಕೆ ಅವರ ಭುಜ ಇನ್ನೂ ಪೂರ್ತಿ ಮೇಲೇಳುವುದಿಲ್ಲ. ನಾನು ಎಷ್ಟು ಸಲ ಕೈಮುಗಿದರೂ, "ಬಿಡ್ರಿ ಅಕ್ಕಾರ," ಎನ್ನುವುದಕ್ಕಿಂತ ಹೆಚ್ಚು ಮಾತಾಡಿಲ್ಲ.

"ಯಾವುದ ಬರಕೊಳ್ಳಲ್ರಿ?"

ಒಳಗಿನಿಂದ ಅತ್ತೆ ನನಗಿಂತ ಮೊದಲೇ ಹೇಳಿದರು, "ಬಲಗೈದು! ಅಕಿನ ಆರಿಸ್ಯಾಳ!"

ಕಾಕಾ ನನ್ನನ್ನು ಮತ್ತೊಮ್ಮೆ ನೋಡಿದರು. ನಾನು ತಲೆಯಾಡಿಸಿದೆ. ನೀಲಿ ಮಿಶ್ರದ ಬಿಳಿ ಆ ಗೋಡೆಗೆ ಒಪ್ಪುವುದಿಲ್ಲ, ಸಂಜೆಯ ಬೆಳಕಿನಲ್ಲಿ ಬೂದಿಯಂತೆ ಕಾಣುತ್ತದೆ. ಬಂದವರೆಲ್ಲ ಚಲೋ ಆಗೇತಿ ಎನ್ನುತ್ತಾರೆ. ನನ್ನ ಆಯ್ಕೆಯೆಂದು ಹೊಗಳುತ್ತಾರೆ. ನಾನು ಹೌದ್ರಿ ಎನ್ನುತ್ತೇನೆ.